ಗುಡ್ಡವ್ವನ ಮೈಕಟ್ಟು: ಕರಡಿಯ ಎಲುಬು ಎಷ್ಟು, ಮನುಷ್ಯರದು ಎಷ್ಟು?

ಅಟ್ಟಣಿಗೆ_ಕೊಪ್ಪಳ

48 ಪುಟದ ಕಪ್ಪು-ಬಿಳುಪು ಕಾಮಿಕ್ಸ್‌ಗೆ ಸ್ವಂತ ಪಾತ್ರವೊಂದನ್ನು ಕಟ್ಟುತ್ತಿದ್ದೇನೆ. ಹೆಸರು ಗುಡ್ಡವ್ವ, ವಯಸ್ಸು 19, ಎತ್ತರ 175 ಸೆಂ.ಮೀ. ಹಿರೇಬೆಣಕಲ್ ಗುಡ್ಡದ ಬುಡದಲ್ಲಿ ಜೋಳದ ಹೊಲ ಕಾಯುವವಳು, ಕೈಯಲ್ಲಿ ಕವಣೆ. ಮೈ ಅರ್ಧ ಮನುಷ್ಯರದು, ಅರ್ಧ ನಮ್ಮ ಕಡೆಯ ಕರಡಿಯದು.

ಮೂರು ಸ್ಕೆಚ್ ಹಾಕಿದ್ದೇನೆ: ಎದುರು ನೋಟ, ಪಕ್ಕದ ನೋಟ, ಕವಣೆ ಬೀಸುವ ಭಂಗಿ. ನಿಂತರೆ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತಾಳೆ. ಕೈ ಎತ್ತಿದರೆ ಕುತ್ತಿಗೆಯೇ ಮಾಯ. ಬೆರಳುಗಳು ಕೈಗವಸು ತೊಟ್ಟ ಹಾಗಿವೆ. ರೆಫರೆನ್ಸ್ ಬೋರ್ಡ್‌ನಲ್ಲಿ 70 ಫೋಟೊ ಇವೆ, ಅದನ್ನೂ ಹಾಕಿದ್ದೇನೆ. ತಿದ್ದಿ, ಮುಲಾಜು ಬೇಡ.

ಎಲುಬು_ಕೀಲು

ಹಿಂದಕ್ಕೆ ಬೀಳುವುದಕ್ಕೆ ಕಾರಣ ಒಂದೇ: ಕರಡಿಯ ಮೈ ಕೆಳಗೆ ತೋಳದ ಕಾಲು ಇಟ್ಟಿದ್ದೀರಿ.

ಪಕ್ಕದ ನೋಟದಲ್ಲಿ ಮೊಣಕಾಲಿನ ಕೆಳಗೆ ಹಿಂದಕ್ಕೆ ಮಡಚಿದ ಇನ್ನೊಂದು ಕೀಲು ಬರೆದಿದ್ದೀರಲ್ಲ, ಅದನ್ನು ಬಹಳ ಮಂದಿ ‘ಉಲ್ಟಾ ಮೊಣಕಾಲು’ ಅಂದುಕೊಳ್ಳುತ್ತಾರೆ. ಅದು ಮೊಣಕಾಲಲ್ಲ, ಹಿಮ್ಮಡಿ. ತೋಳ, ನಾಯಿ, ಬೆಕ್ಕು ಬೆರಳ ಮೇಲೆ ನಡೆಯುವ ಪ್ರಾಣಿಗಳು. ಅವುಗಳ ಹಿಮ್ಮಡಿ ಸದಾ ನೆಲ ಬಿಟ್ಟು ಮೇಲೆ ಇರುತ್ತದೆ. ಮೊಣಕಾಲು ನಮ್ಮದರ ಹಾಗೆಯೇ ಮುಂದಕ್ಕೆ ಇದ್ದು, ಹೊಟ್ಟೆಯ ಚರ್ಮದ ಹತ್ತಿರ ಅಡಗಿರುತ್ತದೆ. ಕರಡಿ ಹಾಗಲ್ಲ. ನಮ್ಮ ಹಾಗೆ ಇಡೀ ಅಂಗಾಲನ್ನು ನೆಲಕ್ಕೆ ಊರಿ ನಡೆಯುತ್ತದೆ. ಹಿಂಗಾಲಿನ ಹೆಜ್ಜೆಗುರುತು ಬರಿಗಾಲಿನ ಮನುಷ್ಯರದನ್ನೇ ಹೋಲುತ್ತದೆ. ಹಾಗಾಗಿ ಗುಡ್ಡವ್ವನಿಗೆ ಮನುಷ್ಯರ ಕಾಲಿನ ಎಲುಬೇ ಸಾಕು, ಹೊಸ ಕೀಲು ಕಟ್ಟುವ ಗೋಜೇ ಇಲ್ಲ.

ಬೀಳುವ ಲೆಕ್ಕ ಹೀಗೆ: ಹೊಕ್ಕಳಿನಿಂದ ನೆಲಕ್ಕೆ ಒಂದು ತೂಗುಗೆರೆ ಎಳೆಯಿರಿ. ನೆಲ ಮುಟ್ಟಿರುವ ಪಾದದ ಭಾಗದೊಳಗೆ ಆ ಗೆರೆ ಇಳಿಯಬೇಕು. ನಿಮ್ಮ ಚಿತ್ರದಲ್ಲಿ ನೆಲ ಮುಟ್ಟಿರುವುದು ಬರೀ ಬೆರಳು, ಮುಂಡ ನೆಟ್ಟಗಿದೆ, ಗೆರೆ ಬೆರಳಿಗಿಂತ ಹಿಂದೆ ಇಳಿಯುತ್ತದೆ. ಬೆರಳ ಮೇಲೆ ನಿಲ್ಲುವ ಪಾತ್ರವಾದರೆ ಮುಂಡ ಮುಂದಕ್ಕೆ ಬಾಗಬೇಕು, ಸೊಂಟ ಹಿಂದಕ್ಕೆ ಸರಿಯಬೇಕು. ಗುಡ್ಡವ್ವನಿಗೆ ಆ ಭಂಗಿ ಬೇಡ. ಹಿಮ್ಮಡಿ ನೆಲಕ್ಕಿಡಿ, ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಸಂಡೂರ್_ಗುಡ್ಡ

ಬೋರ್ಡ್ ಪೂರಾ ನೋಡಿದೆ ರೀ. 70ರೊಳಗೆ ನಮ್ಮ ಕರಡಿ 20 ಇದ್ದರೆ ಹೆಚ್ಚು. ಉಳಿದದ್ದೆಲ್ಲ ಕಂದು ಕರಡಿ, ಗ್ರಿಜ್ಲಿ, ನಡುನಡುವೆ ಹಿಮಾಲಯದ ಕಪ್ಪು ಕರಡಿ. ಬರೀ ಕರಡಿ ಅಂತ ಹುಡುಕಿದರೆ ಇದೇ ಬರ್ತದೆ. ‘ಮೆಲರ್ಸಸ್ ಅರ್ಸಿನಸ್’ ಅನ್ನೋ ಶಾಸ್ತ್ರೀಯ ಹೆಸರು ಹಾಕಿ ಹುಡುಕ್ರಿ, ಕಸ ಬಹಳ ಕಡಿಮೆ ಆಗ್ತದೆ.

ಬೇರೆ ಮಾಡೋದು ಹೆಂಗ ಅಂದ್ರೆ, ಕಂದು ಕರಡಿಗೆ ಹೆಗಲ ಮೇಲೆ ಗೂನು ಎದ್ದು ಕಾಣ್ತದೆ, ಕಿವಿ ಸಣ್ಣವು. ಹಿಮಾಲಯದ ಕರಡಿಗೂ ಎದೆ ಮೇಲೆ ಬಿಳಿ ಗುರುತು ಇರೋದರಿಂದ ಅದೊಂದನ್ನೇ ನೋಡಿ ಮೋಸ ಹೋಗಬ್ಯಾಡ್ರಿ. ಅದರ ಉಗುರು ಗಿಡ್ಡ, ಕಪ್ಪು. ನಮ್ಮದಕ್ಕೆ ಉಗುರು ಉದ್ದ, ಬಣ್ಣ ಹಳೇ ದಂತದ್ದು. ಮೂತಿ ಉದ್ದ, ಮಾಸಲು ಬಿಳಿ, ಅಲ್ಲಿ ಕೂದಲು ಬಹಳ ಗಿಡ್ಡ. ಕಿವಿ ದೊಡ್ಡವು, ತುದಿಯಿಂದ ಕೂದಲು ಜೋಲಾಡ್ತದೆ. ಕುತ್ತಿಗೆ-ಹೆಗಲ ಮೇಲೆ ಜಡೆಗಟ್ಟಿದ ಹಂಗ ಕೇಸರ. ಈ ನಾಲ್ಕೂ ಇಲ್ಲದ ಫೋಟೊ ಬೋರ್ಡ್‌ನಿಂದ ತೆಗೀರಿ. ಉಳಿದ 20ನ್ನು ಮುಖ, ಮುಂಗಾಲು, ಹಿಂಗಾಲು, ಬೆನ್ನು, ನಡಿಗೆ ಅಂತ ಐದು ಗುಂಪು ಮಾಡ್ರಿ. ಯಾವ ಗುಂಪಿನೊಳಗೆ 6ಕ್ಕಿಂತ ಕಡಿಮೆ ಐತೆ, ಅಷ್ಟಕ್ಕೇ ಮತ್ತೆ ಹುಡುಕಿದರೆ ಸಾಕು. ಅಂಗಾಲು ಕಾಣೋ ಫೋಟೊ ನಿಮ್ಮ ಹತ್ರ ಒಂದೂ ಇಲ್ಲ.

ಫೋಟೊಕ್ಕಿಂತ ಕಣ್ಣಾರೆ ನೋಡೋದು ಬ್ಯಾರೆ. ದರೋಜಿ ಕರಡಿಧಾಮ 1994ರಲ್ಲಿ ಆಗಿದ್ದು, ಹಂಪಿಯಿಂದ ದೂರ ಇಲ್ಲ. ಸಂಜೆ ಮುಂದ ವೀಕ್ಷಣಾ ಗೋಪುರದಿಂದ ಎದುರಿನ ಬಂಡೆ ಮೇಲೆ ಕರಡಿ ಇಳಿದು ಬರೋದು ಕಾಣ್ತದೆ. ಬೈನಾಕ್ಯುಲರ್ ಬೇಕೇ ಬೇಕು. ಅಷ್ಟು ದೂರದಿಂದ ಉಗುರು, ಹಲ್ಲು ಸಿಗಂಗಿಲ್ಲ, ಅದಕ್ಕೆ ಫೋಟೊ ಐತೆ. ಅಲ್ಲಿ ಬರೀಬೇಕಾದ್ದು ನಡಿಗೆ. ಒಂದು ಸ್ಕೆಚ್‌ಗೆ 30 ಸೆಕೆಂಡ್ ಮೀರಬ್ಯಾಡ್ರಿ: ಬೆನ್ನಿನ ಗೆರೆ, ತಲೆ ಎಲ್ಲಿ ತೂಗ್ತದೆ, ಮುಂಗಾಲ ಪಾದ ಒಳಕ್ಕೆ ತಿರುಗಿ ಬೀಳೋದು. ಆ ಒಳತಿರುಗಿದ ಮುಂಗೈ ಗುಡ್ಡವ್ವನ ನಿಲುವಿಗೆ ಬಂದರೆ ಕೂದಲಿಲ್ಲದೆಯೂ ಕರಡಿ ಅನ್ನಿಸ್ತಾಳೆ.

ಅಟ್ಟಣಿಗೆ_ಕೊಪ್ಪಳ

ಹಿಮ್ಮಡಿ ಇಳಿಸಿದೆ, ನಿಂತಳು. ಬೋರ್ಡ್ ಈಗ 23 ಫೋಟೊಕ್ಕೆ ಇಳಿದಿದೆ. ಕೈ ಎತ್ತಿದಾಗ ಕುತ್ತಿಗೆ ಮುಚ್ಚಿಹೋಗುವುದಕ್ಕೆ ಕೇಸರ ಕಾರಣವೋ, ಹೆಗಲು ಕಾರಣವೋ?

ಎಲುಬು_ಕೀಲು

ಎರಡೂ. ಮೊದಲು ಹೆಗಲು.

ಕರಡಿಗೆ ಕೊರಳೆಲುಬು ಇಲ್ಲ. ನಮಗೆ ಎದೆಗೂಡಿನ ಮೇಲ್ತುದಿಯಿಂದ ಭುಜದ ತುದಿಗೆ ಹೋಗುವ ಆ ಎಲುಬು ಅವಕ್ಕೆ ಬೆಳೆಯುವುದೇ ಇಲ್ಲ. ಅವುಗಳ ಎದೆಗೂಡು ಅಗಲಕ್ಕಿಂತ ಆಳ ಹೆಚ್ಚು, ಭುಜದ ಹಲಗೆ ಪಕ್ಕೆಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಮುಂಗಾಲು ಹಿಂದೆ-ಮುಂದೆ ಬೀಸುವುದು ಸಲೀಸು, ಪಕ್ಕಕ್ಕೆ ಚಾಚಿ ತಲೆಯ ಮೇಲೆ ತಿರುಗಿಸುವುದು ನಮ್ಮಷ್ಟು ಆಗದು. ನಮ್ಮ ಎದೆಗೂಡು ಅಗಲ, ಚಪ್ಪಟೆ. ಭುಜದ ಹಲಗೆ ಬೆನ್ನ ಮೇಲಿರುತ್ತದೆ.

ಗುಡ್ಡವ್ವ ಕವಣೆ ಬೀಸುವವಳು. ತಲೆಯ ಮೇಲೆ ಸುತ್ತಿಸಿ ಒಂದು ಎಳೆ ಬಿಡಬೇಕು. ಅಂದ ಮೇಲೆ ಕೊರಳೆಲುಬು ಬೇಕೇ ಬೇಕು, ಎದೆಗೂಡು ಮನುಷ್ಯರದೇ ಆಗಬೇಕು. ಪಾತ್ರದ ಕೆಲಸ ಎಲುಬನ್ನು ನಿರ್ಧರಿಸಬೇಕು. ನೀವು ಕರಡಿಯ ಕಿರಿದಾದ ಎದೆಗೆ ಮನುಷ್ಯರ ಕೈ ಸಿಕ್ಕಿಸಿದ್ದೀರಿ, ಅದಕ್ಕೇ ಭುಜ ಒಂದು ಗಡ್ಡೆಯಾಗಿ ಕಿವಿಗೆ ಬಂದು ತಾಗಿದೆ.

ಕೈ ಎತ್ತುವಾಗ ಆಗುವುದು ಏನೆಂದರೆ, ಕೈಯನ್ನು ಪಕ್ಕದಿಂದ ಪೂರ್ತಿ 180 ಡಿಗ್ರಿ ಎತ್ತಿದರೆ ಸುಮಾರು 120 ಡಿಗ್ರಿ ಭುಜದ ಕೀಲಿನಲ್ಲೂ 60 ಡಿಗ್ರಿ ಭುಜದ ಹಲಗೆ ತಿರುಗುವುದರಲ್ಲೂ ಆಗುತ್ತದೆ. ಕೊರಳೆಲುಬಿನ ಒಳತುದಿ ಎದೆಯ ನಡುವೆ ಅಲ್ಲೇ ಇರುತ್ತದೆ, ಹೊರತುದಿ ಮಾತ್ರ ಮೇಲೆ ಮತ್ತು ಹಿಂದಕ್ಕೆ ಹೋಗುತ್ತದೆ. ಇಡೀ ಭುಜವನ್ನು ಮೇಲೆ ಎತ್ತಿ ಬರೆಯಬೇಡಿ, ಒಳತುದಿಯನ್ನು ಮೊಳೆ ಹೊಡೆದ ಹಾಗೆ ಹಿಡಿದು ಹೊರತುದಿಯನ್ನು ತಿರುಗಿಸಿ. ಒಳತುದಿಯಿಂದ ಗಲ್ಲದವರೆಗಿನ ಜಾಗ ಆಗ ಉಳಿಯುತ್ತದೆ, ಅದೇ ಕುತ್ತಿಗೆ.

ಇನ್ನು ಕೇಸರ. ಕುತ್ತಿಗೆಯ ಕೂದಲು ಗೇಣುದ್ದ ಇರುವ ಪ್ರಾಣಿ ಇದು. ಅದನ್ನು ಹಾಗೇ ಬಿಟ್ಟರೆ ನೀವು ಎಷ್ಟೇ ಸರಿಯಾಗಿ ಕೊರಳೆಲುಬು ಬರೆದರೂ ಕಾಣದು. ಬಲಗೈ ಕಡೆಯ ಕೇಸರವನ್ನು ಹಿಂದಕ್ಕೆ ಹೆಣೆದು ಕಟ್ಟಿಸಿ. ಕವಣೆ ಹಗ್ಗಕ್ಕೆ ಸಿಕ್ಕಬಾರದು ಎಂಬುದಕ್ಕೂ ಅದು ಬೇಕು. ಎಡಗಡೆ ಬಿಚ್ಚಿದ ಕೂದಲು, ಬಲಗಡೆ ಹೆಣೆದ ಜಡೆ: ಎದುರು ನೋಟದಲ್ಲೇ ಯಾವ ಕೈಯವಳು ಎಂದು ಗೊತ್ತಾಗುತ್ತದೆ.

ಮಸ್ಕಿ_ಮಸಿ

ಕೈಗವಸಿನ ವಿಷಯ. ನಮ್ಮ ಕರಡಿಯ ಮುಂಗಾಲಿನ ಉಗುರು ಸುಮಾರು 6ರಿಂದ 8 ಸೆಂ.ಮೀ. ಬೆಕ್ಕಿನ ಹಾಗೆ ಒಳಕ್ಕೆ ಎಳೆದುಕೊಳ್ಳಲು ಬರುವುದಿಲ್ಲ, ಸದಾ ಹೊರಗೇ. ಹುತ್ತ ಕೆದರುವುದಕ್ಕೆ ಹೇಳಿ ಮಾಡಿಸಿದ್ದು, ಮುಷ್ಟಿ ಕಟ್ಟುವುದಕ್ಕಲ್ಲ.

ಹಳೇ ಮದುವೆ ಕಾರ್ಡಿನಿಂದ 7 ಸೆಂ.ಮೀ ಉದ್ದ, 1 ಸೆಂ.ಮೀ ಅಗಲದ ನಾಲ್ಕು ಪಟ್ಟಿ ಕತ್ತರಿಸಿ. ಬೆರಳ ಕೊನೆಯ ಗೆಣ್ಣಿನ ಮೇಲೆ ಟೇಪು ಸುತ್ತಿ ಉಗುರಿನ ಹಾಗೆ ಅಂಟಿಸಿ. ಈಗ ಲಟ್ಟಣಿಗೆಯ ಹಿಡಿ ಹಿಡಿಯಿರಿ. ಪಟ್ಟಿಗಳು ನೇರ ಅಂಗೈಗೆ ನುಗ್ಗಿ ಮಡಚಿಕೊಳ್ಳುತ್ತವೆ. ನಿಮ್ಮ ಸ್ಕೆಚ್‌ನಲ್ಲಿ ಆ ಉಗುರುಗಳಿಗೆ ಹೋಗಲು ಜಾಗವಿಲ್ಲ, ಅದಕ್ಕೇ ಅವನ್ನು ಗೊತ್ತಿಲ್ಲದೇ ಮೊಟುಕು ಮಾಡಿ ದಪ್ಪ ಬೆರಳು ಬರೆದಿದ್ದೀರಿ. ಕೈಗವಸು ಹುಟ್ಟಿದ್ದು ಅಲ್ಲೇ.

ಲೆಕ್ಕ ಹಾಕಿ ನೋಡಿ. ನಡುಬೆರಳು 8 ಸೆಂ.ಮೀ, ಉಗುರು 7, ಒಟ್ಟು 15. 3 ಸೆಂ.ಮೀ ದಪ್ಪದ ಹಿಡಿಯ ಸುತ್ತಳತೆ 9.4 ಸೆಂ.ಮೀ, ಬೆರಳೇ ಅದನ್ನು ಹೆಚ್ಚೂಕಡಿಮೆ ಸುತ್ತಿಬಿಡುತ್ತದೆ. 6 ಸೆಂ.ಮೀ ದಪ್ಪದ ಹಿಡಿಗೆ ಸುತ್ತಳತೆ 18.8, ಉಗುರಿನ ತುದಿ ಹೆಬ್ಬೆರಳ ಬುಡಕ್ಕೆ ಮುಂಚೆಯೇ ನಿಲ್ಲುತ್ತದೆ. ಅವಳು ಹಿಡಿಯುವ ಕುಡುಗೋಲು, ಕೋಲು ಎಲ್ಲದಕ್ಕೂ ಹಿಡಿ ದಪ್ಪವಾಗಬೇಕು. ಬಟ್ಟೆ ಸುತ್ತಿದ ದಪ್ಪ ಹಿಡಿ ಬರೆದರೆ ಓದುಗರು ಕಾರಣ ಕೇಳದೇ ನಂಬುತ್ತಾರೆ.

ಕವಣೆ ಇನ್ನೂ ಕಷ್ಟ. ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳು-ತೋರುಬೆರಳ ನಡುವೆ. ಬಿಡುವ ತುದಿ ಉಗುರಿಗೆ ಸಿಕ್ಕಿಕೊಂಡರೆ ಕಲ್ಲು ಎಲ್ಲೆಲ್ಲಿಗೋ ಹೋಗುತ್ತದೆ. ನನ್ನ ಸಲಹೆ: ಬಲಗೈ ಹೆಬ್ಬೆರಳು, ತೋರುಬೆರಳು ಎರಡರ ಉಗುರು 1 ಸೆಂ.ಮೀಗೆ ತೇಯ್ದಿರಲಿ, ಉಳಿದ ಮೂರು ಪೂರ್ತಿ ಉದ್ದ ಇರಲಿ. ಅವಳು ಕಲ್ಲಿಗೆ ಉಜ್ಜಿ ತೇಯುವ ಒಂದು ಚೌಕಟ್ಟು ಕಾಮಿಕ್ಸ್‌ನಲ್ಲೇ ಬರಲಿ.

ಕಿನ್ನಾಳ_ಬಣ್ಣ

ಅಳತೆ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಶಿಲ್ಪಿಗಳ ಅಳತೆ ಪದ್ಧತಿಯಾದ ತಾಲಮಾನ ಇರುವಾಗ ಎತ್ತರವನ್ನು ಏಳು ತಲೆ, ಎಂಟು ತಲೆ ಎಂದು ಅಳೆಯುವ ಹೊರಗಿನ ಲೆಕ್ಕ ಯಾಕೆ? ನವತಾಲದಲ್ಲಿ, ಅಂದರೆ ಒಂಬತ್ತು ಮುಖದಳತೆಯ ಎತ್ತರದಲ್ಲಿ, ಮುಖ 12 ಅಂಗುಲ, ಕತ್ತು 4, ಕತ್ತಿನಿಂದ ಎದೆ 12, ಎದೆಯಿಂದ ಹೊಕ್ಕಳು 12, ಹೊಕ್ಕಳಿಂದ ಗುಹ್ಯ 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಕೂಡಿದರೆ 108. ಗಣಪತಿಗೆ ಪಂಚತಾಲ. ಪ್ರಾಣಿಯ ತಲೆ, ಮನುಷ್ಯರ ಮೈ ಕೂಡಿಸುವ ಕೆಲಸವನ್ನು ನಮ್ಮ ಶಿಲ್ಪಿಗಳು ನೂರಾರು ವರ್ಷ ಮಾಡಿದ್ದಾರೆ. ಹಂಪಿಯ 6.7 ಮೀಟರ್ ಎತ್ತರದ ನರಸಿಂಹ 1528ರದು. ಕಣ್ಣ ಮುಂದೇ ಇದೆ.

ಎಲುಬು_ಕೀಲು

ತಾಲಮಾನ ಬಳಸಿ, ಖಂಡಿತ. ಒಂದು ಎಚ್ಚರ ಮಾತ್ರ: ಅಲ್ಲಿಯ ಮುಖ ಎಂದರೆ ಕೂದಲಂಚಿನಿಂದ ಗಲ್ಲದವರೆಗೆ. ಏಳೂವರೆ ತಲೆ ಎಂಬ ಲೆಕ್ಕದಲ್ಲಿ ತಲೆ ಎಂದರೆ ನೆತ್ತಿಯಿಂದ ಗಲ್ಲದವರೆಗೆ. ಎರಡನ್ನೂ ಬೆರೆಸಿ ಒಂಬತ್ತು ‘ತಲೆ’ ಎತ್ತರ ಬರೆದರೆ ಬೊಂಬು ಕಟ್ಟಿದ ಹಾಗೆ ಆಗುತ್ತದೆ. ಇನ್ನೊಂದು, ತಾಲಮಾನ ಎದುರು ನಿಂತ, ಕೂತ ಮೂರ್ತಿಗೆ ಅದ್ಭುತ. ಬಾಗಿ, ತಿರುಗಿ ಕವಣೆ ಬೀಸುವ ಮೈಗೆ ಕೀಲುಗಳ ಜಾಗ ಗೊತ್ತಿರಬೇಕು.

ಗುಡ್ಡವ್ವನಿಗೆ ಏಳು ತಲೆ ಇಡಿ. 175ನ್ನು ಏಳರಿಂದ ಭಾಗಿಸಿದರೆ ತಲೆ 25 ಸೆಂ.ಮೀ. ಎ4 ಹಾಳೆಯಲ್ಲಿ ಒಂದು ತಲೆಗೆ 3.5 ಸೆಂ.ಮೀ ಕೊಟ್ಟರೆ ಆಳು 24.5 ಸೆಂ.ಮೀ, ಮೇಲೆ-ಕೆಳಗೆ ಜಾಗ ಉಳಿಯುತ್ತದೆ. ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಾದರೆ ತಲೆಗೆ 400 ಪಿಕ್ಸೆಲ್, ಆಳು 2800. ಮನುಷ್ಯರಲ್ಲಿ ಎರಡು ಕಾಲು ಕೂಡುವ ಕವಲು ಸರಿಯಾಗಿ ಅರ್ಧ ಎತ್ತರಕ್ಕೆ, ಅಂದರೆ 87 ಸೆಂ.ಮೀ ಹತ್ತಿರ ಬರುತ್ತದೆ. ಇವಳಿಗೆ ಅದನ್ನು 80ಕ್ಕೆ ಇಳಿಸಿ. ಮುಂಡ ಉದ್ದ, ಕಾಲು ಗಿಡ್ಡ ಆದ ಕೂಡಲೇ ಕರಡಿಯ ಭಾರ ಬರುತ್ತದೆ. ಮೊಣಕೈ ಸೊಂಟದ ಮಟ್ಟದಲ್ಲೇ ಇರಲಿ. ತಲೆ ಅಳೆಯುವಾಗ ಮೂತಿಯ ತುದಿಯನ್ನು ಸೇರಿಸಬೇಡಿ, ನೆತ್ತಿ-ಗಲ್ಲ ಮಾತ್ರ.

ಅಟ್ಟಣಿಗೆ_ಕೊಪ್ಪಳ

ಮುಖಕ್ಕೆ ಮೂತಿ ಎಷ್ಟು ಬೇಕು? ಅವಳು ಮಾತಾಡಬೇಕು, ಬೈಯಬೇಕು, ಹಾಡಬೇಕು.

ಮಸ್ಕಿ_ಮಸಿ

ಈ ವಿಷಯದಲ್ಲಿ ನಮ್ಮ ಕರಡಿ ವರವಿದ್ದ ಹಾಗೆ. ತುಟಿಗಳು ಉದ್ದ, ಬಹಳ ಸಡಿಲ, ಬೇಕಾದ ಹಾಗೆ ಚಾಚಬಲ್ಲವು. ಗೆದ್ದಲನ್ನು ಕೊಳವೆಯಲ್ಲಿ ಹೀರಿದ ಹಾಗೆ ಹೀರುವ ಪ್ರಾಣಿ ಅದು, ಮೂಗಿನ ಹೊಳ್ಳೆಯನ್ನೂ ಮುಚ್ಚಿಕೊಳ್ಳುತ್ತದೆ. ಪ, ಬ, ಮ ಹೇಳಲು ತುಟಿ ಕೂಡಬೇಕು. ತೋಳದ ಬಿಗಿ ತುಟಿಗೆ ಅದು ಕಷ್ಟ, ಇದಕ್ಕೆ ಸಲೀಸು.

ಹಲ್ಲು ನೋಡಿ ಬರೆಯಿರಿ. ನಮ್ಮ ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇರುವುದಿಲ್ಲ. ಮೇಲೆ ನಾಲ್ಕು, ಕೆಳಗೆ ಆರು, ಎಲ್ಲ ಸೇರಿ 40 ಹಲ್ಲು. ಗೆದ್ದಲು ಒಳಗೆ ಹೋಗುವ ದಾರಿ ಆ ಸಂದು. ನಿಮ್ಮ ಸ್ಕೆಚ್‌ನಲ್ಲಿ ಸಾಲಾಗಿ ಚೂಪು ಹಲ್ಲು ಇಟ್ಟಿದ್ದೀರಿ, ಅದು ಮೊಸಳೆಯ ಬಾಯಿ. ಸಂದು ಬಿಡಿ. ಆಮೇಲೆ ಯೋಚಿಸಿ: ನಮ್ಮ ತ, ದ ಎರಡಕ್ಕೂ ನಾಲಗೆ ಮೇಲಿನ ಮುಂಹಲ್ಲಿಗೇ ತಾಗಬೇಕು. ಅಲ್ಲಿ ಹಲ್ಲೇ ಇಲ್ಲದಿದ್ದರೆ ‘ತತ್ರಾಣಿ’, ‘ದದ್ದು’ ಎಂಬ ಮಾತು ಅವಳ ಬಾಯಲ್ಲಿ ಸಡಿಲವಾಗುತ್ತದೆ, ‘ಸ’ದಲ್ಲಿ ಗಾಳಿ ಸೀಟಿ ಹೊಡೆಯುತ್ತದೆ. ಸಂಭಾಷಣೆ ಬರೆಯುವವರಿಗೆ ಇಷ್ಟು ಸಾಕು.

ಮೂತಿಯ ಉದ್ದ ಪಕ್ಕದ ನೋಟದಲ್ಲಿ ತಲೆಯ ಎತ್ತರದ ಮೂರನೇ ಒಂದು ಪಾಲು ಮೀರಬಾರದು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಉದ್ದವಾದರೆ ಎದುರು ನೋಟದಲ್ಲಿ ಬಾಯಿಯ ಭಾವ ಮೂಗಿನ ಹಿಂದೆ ಅಡಗುತ್ತದೆ. ದವಡೆಯ ತಿರುಗಣಿ ಕಿವಿಯ ಮುಂದೆ ಇದೆ. ಬಾಯಿ ತೆರೆದಾಗ ಗಲ್ಲ ನೇರ ಕೆಳಗೆ ಬೀಳುವುದಿಲ್ಲ, ಆ ತಿರುಗಣಿಯಿಂದ ಕಮಾನಿನಲ್ಲಿ ಹಿಂದಕ್ಕೆ ಇಳಿಯುತ್ತದೆ.

ಆನೆಗೊಂದಿ_ಬಂಡೆ

ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಕಿಷ್ಕಿಂಧೆ ಸೀಮೆಯೊಳಗ ನಿಂತ ಕರಡಿ-ಮನುಷ್ಯಳನ್ನ ನೋಡಿದ ಕೂಡಲೆ ಈ ಕಡೆ ಮಂದಿ ಜಾಂಬವಂತನ ಮನೆತನ ಅಂತಾರ. ಸ್ವಂತ ಪಾತ್ರ ಆಗಬೇಕಾದ್ರ ಕಿರೀಟ, ಗದೆ, ಎದೆಹಾರ ಯಾವುದೂ ಬರಬಾರದು. ಸಿಲೂಎಟ್‌ನೊಳಗೇ, ಅಂದ್ರ ಬರೀ ಕಪ್ಪು ನೆರಳಿನಾಕಾರದೊಳಗೇ, ಬ್ಯಾರೆ ಕಾಣಬೇಕು: ಒಂದು ಕಡೆ ಜಡೆ, ಇಳಿಬಿದ್ದ ಕವಣೆ, ಸೊಂಟಕ್ಕ ಕಲ್ಲಿನ ಚೀಲ. ಆಳನ್ನ 2 ಸೆಂ.ಮೀ ಎತ್ತರಕ್ಕ ಇಳಿಸಿ ಪೂರಾ ಕಪ್ಪು ಮಾಡಿ ನೋಡ್ರಿ. ಆ ಮೂರೂ ಗುರುತು ಸಿಗಲಿಲ್ಲ ಅಂದ್ರ ಚೀಲ ದೊಡ್ಡದು ಮಾಡ್ರಿ, ಗೆರೆ ಹೆಚ್ಚು ಮಾಡಬ್ಯಾಡ್ರಿ.

ಉಡುಪಿಗೆ ಸಂಡೂರಿನ ಲಂಬಾಣಿ ಕಸೂತಿ ಹಾಕೀರಿ. ಚಂದ ಐತಿ, ಆದ್ರ ಅದು ಬದುಕಿರೋ ಸಮುದಾಯದ್ದು. ಅರ್ಧ ಪ್ರಾಣಿ ಪಾತ್ರಕ್ಕ ಅದನ್ನ ತೊಡಿಸಿದ್ರ ನೋಡೋ ಲಂಬಾಣಿ ಹುಡುಗಿಗೆ ಏನು ಅನ್ನಿಸ್ತದ? ತಗೀರಿ. ಮೈತುಂಬ ಕೂದಲಿರೋಳಿಗೆ ಅಷ್ಟು ದಪ್ಪ ಬಟ್ಟೆ ನಮ್ಮ ಬ್ಯಾಸಿಗ್ಯಾಗ ಬೇಕೂ ಇಲ್ಲ.

ಸಂಡೂರ್_ಗುಡ್ಡ

ಬ್ಯಾಸಿಗೆ ಮಾತು ಬಂತು ಅಂತ: ನಮ್ಮ ಕರಡಿಗೆ ಒಳತುಪ್ಪಳ ಇಲ್ಲ ರೀ. ಹೊರಗಿನ ಉದ್ದ ಕೂದಲು ಮಾತ್ರ. ಚಳಿನಾಡಿನ ಕರಡಿ ಹಂಗ ಉಬ್ಬಿದ ಮೆತ್ತನೆ ಮೈ ಬರೀಬ್ಯಾಡ್ರಿ. ಕೂದಲು ಗೊಂಚಲು ಗೊಂಚಲಾಗಿ ಇಳಿಬೀಳ್ತದೆ, ನಡುವೆ ಮೈಯ ಆಕಾರ ಕಾಣ್ತದೆ. ಹೊಟ್ಟೆ ಕಡೆ ತೆಳ್ಳಗ.

ಮೊರನಾಳ_ತೊಗಲು

ಎಲ್ಲರೂ ಬರೆದು ತಿದ್ದಲು ಹೇಳುತ್ತಿದ್ದಾರೆ, ನಾನು ಕತ್ತರಿಸಿ ನೋಡಲು ಹೇಳುತ್ತೇನೆ. ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಗೊಂಬೆಗಳ ಕೀಲು ನೋಡಿದರೆ ಕಾನ್ಸೆಪ್ಟ್ ಆರ್ಟ್‌ನವರಿಗೆ ದೊಡ್ಡ ಪಾಠವಿದೆ: ಒಂದು ತುಂಡು ಇನ್ನೊಂದರ ಮೇಲೆ ಕೂರುತ್ತದೆ, ನಡುವೆ ದಾರದ ಗಂಟು, ಅದರ ಸುತ್ತ ತಿರುಗುತ್ತದೆ.

ಪಕ್ಕದ ನೋಟವನ್ನು ದಪ್ಪ ಡ್ರಾಯಿಂಗ್ ಶೀಟಿನ ಮೇಲೆ ಇಳಿಸಿ. ತಲೆ, ಮುಂಡ, ಸೊಂಟ, ತೋಳು, ಮುಂಗೈ, ಹಸ್ತ, ತೊಡೆ, ಕಣಕಾಲು, ಪಾದ ಬೇರೆ ಬೇರೆ ಕತ್ತರಿಸಿ. ತಪ್ಪಾಗುವುದು ಇಲ್ಲೇ: ಗೆರೆಗೆ ಸರಿಯಾಗಿ ಕತ್ತರಿಸಿದರೆ ಮಡಚಿದಾಗ ಮೊಣಕೈಯಲ್ಲಿ ಸಂದು ಬಾಯಿ ಬಿಡುತ್ತದೆ. ಪ್ರತಿ ಕೀಲಿನಲ್ಲೂ ಎರಡೂ ತುಂಡಿನ ತುದಿಯನ್ನು ಒಂದೇ ಅಳತೆಯ ಅರೆವೃತ್ತ ಮಾಡಿ, ಸೂಜಿ ಆ ವೃತ್ತದ ನಡುವೆಯೇ ಚುಚ್ಚಿ, ಎರಡೂ ಬದಿ ಗಂಟು ಹಾಕಿ. ಭುಜಕ್ಕೆ ಒಂದು ಗಂಟು ಸಾಲದು. ಕೊರಳೆಲುಬಿಗೆ 4 ಸೆಂ.ಮೀ ಪಟ್ಟಿಯೊಂದನ್ನು ಬೇರೆ ಕತ್ತರಿಸಿ, ಒಂದು ತುದಿ ಎದೆಗೆ, ಇನ್ನೊಂದು ತೋಳಿಗೆ ಕಟ್ಟಿ. ಈಗ ಕೈ ಎತ್ತಿ. ಮೇಲೆ ಹೇಳಿದ 120-60 ಲೆಕ್ಕ ಕೈಗೇ ಸಿಗುತ್ತದೆ. ಬೇಕಾದ ಭಂಗಿಗಳನ್ನೆಲ್ಲ ಇಟ್ಟು ಫೋನಿನಲ್ಲಿ ತೆಗೆದುಕೊಳ್ಳಿ, 48 ಪುಟಕ್ಕೂ ಅಳತೆ ಒಂದೇ ಇರುತ್ತದೆ.

ಅಟ್ಟಣಿಗೆ_ಕೊಪ್ಪಳ

ಕತ್ತರಿಸಿದ ಗೊಂಬೆ, ಹೊಸ ಸ್ಕೆಚ್ ಎರಡೂ ಹಾಕಿದ್ದೇನೆ. ಕಸೂತಿ ತೆಗೆದೆ, ಸೊಂಟಕ್ಕೆ ಒರಟು ಕಚ್ಚೆ, ಕಲ್ಲಿನ ಚೀಲ ಅಷ್ಟೇ. ಎರಡು ಉಗುರು ತೇಯ್ದಾಯಿತು. ಕಪ್ಪು ಮೈಯನ್ನು ಮುದ್ರಣದಲ್ಲಿ ಹೇಗೆ ಉಳಿಸಿಕೊಳ್ಳುವುದು? ಮಸಿ ತುಂಬಿದರೆ ಕೀಲುಗಳೆಲ್ಲ ಮುಳುಗುತ್ತವೆ.

ಕಿನ್ನಾಳ_ಬಣ್ಣ

ಕಿನ್ನಾಳದ ಚಿತ್ರಗಾರರು ಮರದ ತುಂಡು ಜೋಡಿಸಿದ ಮೇಲೆ ಹುಣಸೆಬೀಜದ ಅಂಟಿನ ಕಿಟ್ಟ ಹಚ್ಚಿ ಸಂದೆಲ್ಲ ಮುಚ್ಚಿ ಮೈ ಒಂದು ಮಾಡುತ್ತಾರೆ, ಬಣ್ಣ ಆಮೇಲೆ. ನೀವೂ ಅದೇ ಕ್ರಮ ಹಿಡಿಯಿರಿ. ಒಂದು ಲೇಯರ್‌ನಲ್ಲಿ ಕೂದಲೇ ಇಲ್ಲದ ಬೋಳು ಮೈ. ಎರಡನೆಯದರಲ್ಲಿ ಕೂದಲ ಗೊಂಚಲಿನ ಹೊರಗೆರೆ. ಮೂರನೆಯದರಲ್ಲಿ ಮಸಿ. ಮಸಿ ತುಂಬುವಾಗ ಬೋಳು ಮೈಯ ಲೇಯರ್ ನೋಡಿಕೊಂಡು ಭುಜ, ಮೊಣಕೈ, ಮಂಡಿ, ತೊಡೆಯ ಹೊರಬದಿಯಲ್ಲಿ ಬೆಳಕಿನ ಸಣ್ಣ ಪಟ್ಟಿಗಳನ್ನು ಖಾಲಿ ಬಿಡಿ. ಪಟ್ಟಿ ಕೂದಲ ದಿಕ್ಕಿಗೇ ಹರಿಯಬೇಕು, ಅಡ್ಡ ಹೋದರೆ ಪ್ಲಾಸ್ಟಿಕ್ ಹೊಳಪು ಬರುತ್ತದೆ. ಬರೀ ಕಪ್ಪು-ಬಿಳಿ ಗೆರೆಚಿತ್ರವಾದ್ದರಿಂದ ಮುದ್ರಣಕ್ಕೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡಿ. 300ರಲ್ಲಿ ಸಣ್ಣ ಕೂದಲಿನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಎಲುಬು_ಕೀಲು

ಹೊಸ ಸ್ಕೆಚ್‌ನಲ್ಲಿ ನಿಲುವು ಗಟ್ಟಿಯಾಗಿದೆ, ಕವಣೆಯ ಕೈ ಚೆನ್ನಾಗಿ ಬಂದಿದೆ. ಒಂದೇ ಉಳಿದಿದೆ. ಎದೆಯ ಬಿಳಿ ‘ವಿ’ ಗುರುತನ್ನು ಮೂರೂ ಭಂಗಿಯಲ್ಲಿ ಒಂದೇ ಆಕಾರದಲ್ಲಿ ಅಂಟಿಸಿದ್ದೀರಿ. ಅದು ಬಿಲ್ಲೆಯಲ್ಲ, ಚರ್ಮದ ಮೇಲಿನ ಕೂದಲು. ಬಲಗೈ ತಲೆಯ ಮೇಲೆ ಹೋದಾಗ ಎದೆಯ ಸ್ನಾಯು ತೋಳಿನ ಕಡೆಗೆ ಎಳೆಯುತ್ತದೆ, ‘ವಿ’ಯ ಬಲತೋಳು ಮೇಲಕ್ಕೆ ಹಿಗ್ಗಿ ಸಪೂರವಾಗಬೇಕು. ಎಡತೋಳು ಇದ್ದಲ್ಲೇ ಇರಲಿ, ಕೆಳಗಿನ ಮೊನೆ ಎದೆಗೂಡಿನ ನಡುಗೆರೆ ಬಿಟ್ಟು ಕದಲಬಾರದು.

ಅಟ್ಟಣಿಗೆ_ಕೊಪ್ಪಳ

ಮೊನೆಯನ್ನು ನಡುಗೆರೆಗೆ ಹಿಡಿದು ಬಲತೋಳು ಎಳೆದೆ. ಈಗ ಕೈ ನಿಜವಾಗಿ ಎತ್ತಿದ ಹಾಗೆ ಕಾಣುತ್ತಿದೆ. ಮೂರನೇ ಹಾಳೆ ಹಾಕಿದ್ದೇನೆ, ಬೆನ್ನಿನ ನೋಟ ನಾಳೆ.